30ಕ್ಕೆ ಎಷ್ಟು ಬಂತು: ಹಾಸನದಲ್ಲಿ ಮರೆವನ್ನು ಅಳೆದ ನನ್ನ ಅನುಭವ

ನರರೋಗ ತಜ್ಞನಾಗಿ ಹಾಸನಕ್ಕೆ ಬಂದ ಮೊದಲ ವರ್ಷ ನಾನು ಮಾಡಿದ ಒಂದು ತಪ್ಪಿನಿಂದಲೇ ನನ್ನ ಸಂಶೋಧನೆ ಶುರುವಾಯಿತು ಎನ್ನಬೇಕು. ಅರಕಲಗೂಡು ಕಡೆಯಿಂದ, ಹೂವು ಕಟ್ಟಿ ಮಾರುತ್ತಿದ್ದ, ಎಪ್ಪತ್ತು ದಾಟಿದ ತಾಯಿಯೊಬ್ಬರನ್ನು ಮಗ ಕರೆತಂದಿದ್ದರು. ತಂದೆ ತೀರಿಕೊಂಡ ಮೇಲೆ ಅಮ್ಮ ಮಾತು ಕಡಿಮೆ ಮಾಡಿದ್ದಾರೆ, ಹಾಲನ್ನು ಒಲೆಯ ಮೇಲಿಟ್ಟು ಮರೆಯುತ್ತಾರೆ, ಅರಳುಮರಳು ಹಿಡಿಯಿತೇನೋ ಎಂಬುದು ಅವರ ಆತಂಕ. ನಾನು ಕಲಿತಿದ್ದ ಕ್ರಮದಂತೆ ಎಂಎಂಎಸ್‌ಇ ಎಂಬ ನೆನಪು, ಲೆಕ್ಕ, ಭಾಷೆಗಳನ್ನು ಅಳೆಯುವ 30 ಅಂಕಗಳ ಪರೀಕ್ಷೆ ಮಾಡಿದೆ. 17 ಬಂತು. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದವರ ಬಗ್ಗೆ ಸಂಶಯಪಡಬೇಕು. ನಾನು ಸಂಶಯದ ಹಂತವನ್ನು ದಾಟಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಎಂದೇ ಬರೆದು, ಅದಕ್ಕೆ ಕೊಡುವ ಡೊನೆಪೆಜಿಲ್ ಮಾತ್ರೆ ಕೊಟ್ಟು ಕಳುಹಿಸಿದೆ. ಕೆಲವು ವಾರಗಳಲ್ಲಿ ಆಕೆ ವಾಂತಿಯಾಗಿ, ಊಟ ಸೇರದೆ, ಸೊರಗಿ ಮರಳಿ ಬಂದರು. ಆ ಮಾತ್ರೆಯಿಂದ ಹೀಗಾಗಬಹುದೆಂದು ನನಗೆ ತಿಳಿದಿತ್ತು. ಆದರೆ ಆ ಮಾತ್ರೆಯೇ ಅವರಿಗೆ ಬೇಕಿತ್ತೆ ಎಂಬ ಪ್ರಶ್ನೆ ಹುಟ್ಟಿದ್ದು ಆವತ್ತು, ಹಳೆಯ ಹಾಳೆಯನ್ನು ಮತ್ತೆ ತೆಗೆದು ನೋಡಿದಾಗ.

ಚಿತ್ರ ನಕಲು ಮಾಡಬೇಕಾದ ಜಾಗದಲ್ಲಿ ಒಂದು ಚುಕ್ಕೆಯಷ್ಟೇ ಇತ್ತು. "ಯಾಕಮ್ಮ, ಆವತ್ತು ಬರೆಯಲೇ ಇಲ್ವಲ್ಲ?" ಎಂದೆ. "ಪೆನ್ನು ಹಿಡಿದ ಕೈಯಲ್ಲ ಕಣಪ್ಪ ಇದು. ಬೈತೀರೇನೋ ಅಂತ ಸುಮ್ಕಿದ್ದೆ" ಎಂದರು.

ಪರೀಕ್ಷೆಯಲ್ಲಿದ್ದ, ನೂರರಿಂದ ಏಳೇಳು ಕಳೆಯುವ ಲೆಕ್ಕವನ್ನು ಪಕ್ಕಕ್ಕಿಟ್ಟು, "ಕನಕಾಂಬರ ಮೊಳಕ್ಕೆ 20 ರೂಪಾಯಿ, ಮೂರು ಮೊಳ ಕೊಟ್ಟಿರಿ, ನೂರರ ನೋಟು ಬಂತು" ಎಂದೆ. ನನ್ನ ಮಾತು ಮುಗಿಯುವ ಮೊದಲೇ "ನಲವತ್ತು ವಾಪಸ್ಸು" ಎಂದು ಸೆರಗಿನ ಗಂಟಿಗೆ ಕೈ ಹಾಕಿದರು. ಜೂನ್ ತಿಂಗಳ ಕೊನೆಯ ವಾರವದು. ತಾರೀಖು ಕೇಳಿದರೆ ಗೊತ್ತಿಲ್ಲ. ಯಾವ ಮಳೆ ಎಂದು ಕೇಳಿದರೆ "ಆರಿದ್ರಾ ಹುಟ್ಟಿ ನಾಕು ದಿನ ಆಯ್ತಲ್ಲ" ಎಂಬ ಉತ್ತರ. ಪಂಚಾಂಗ ನೋಡಿದೆ, ಸರಿಯಾಗಿತ್ತು. ಆಕೆಗಿದ್ದದ್ದು ಗಂಡನನ್ನು ಕಳೆದುಕೊಂಡ ನಂತರದ ಖಿನ್ನತೆ ಮತ್ತು ಯಾರೂ ಗಮನಿಸದಿದ್ದ ಕಿವುಡು. ಖಿನ್ನತೆಗೆ ಚಿಕಿತ್ಸೆ ಕೊಟ್ಟು, ಕಿವಿಗೆ ಶ್ರವಣ ಸಾಧನ ಹಾಕಿಸಿದ ಮೇಲೆ, ಕೆಲವು ತಿಂಗಳಲ್ಲಿ ಅವರು ಮತ್ತೆ ಹೂವಿನ ಬುಟ್ಟಿಯ ಮುಂದೆ ಕುಳಿತರು.

ಆಕೆ ಸೊರಗಿ ಮರಳಿ ಬಂದಿದ್ದ ದಿನದ ರಾತ್ರಿ ನಾನು ಪರೀಕ್ಷೆಯ ಅಂಕಗಳನ್ನು ಬಿಡಿಬಿಡಿಯಾಗಿ ಕೂಡಿ ನೋಡಿದೆ. 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಪ್ರಕಟಿಸಿದ ಈ ಪರೀಕ್ಷೆಯಲ್ಲಿ ಕಳೆಯುವ ಲೆಕ್ಕಕ್ಕೆ 5 ಅಂಕ, ಓದಿ ಅದರಂತೆ ಮಾಡುವುದಕ್ಕೆ 1, ವಾಕ್ಯ ಬರೆಯುವುದಕ್ಕೆ 1, ಒಂದರ ಮೇಲೊಂದು ಬಿದ್ದಿರುವ ಎರಡು ಪಂಚಕೋನಗಳನ್ನು ನಕಲು ಮಾಡುವುದಕ್ಕೆ 1. ಅಂದರೆ ಶಾಲೆಯ ಮೆಟ್ಟಿಲು ಹತ್ತದ, ಆದರೆ ನೆನಪಿನಲ್ಲಿ ಯಾವ ಕೊರತೆಯೂ ಇಲ್ಲದ ವ್ಯಕ್ತಿ 8 ಅಂಕಗಳನ್ನು ಕಳೆದುಕೊಂಡು 22ಕ್ಕೆ ನಿಲ್ಲಬಹುದು. ಕ್ಯಾಲೆಂಡರ್ ನೋಡುವ ಅಭ್ಯಾಸವಿಲ್ಲದಿದ್ದರೆ ತಾರೀಖು, ಇಸವಿಗಳ ಅಂಕಗಳೂ ಹೋಗಿ 20. ಕಲಿಯದೇ ಇದ್ದದ್ದು ಬೇರೆ, ಕಲಿತದ್ದು ಅಳಿಸಿಹೋಗುವುದು ಬೇರೆ. ಇವೆರಡನ್ನೂ ಒಂದೇ ಅಂಕದೊಳಗೆ ಸೇರಿಸಿದ್ದರಿಂದ ಆ ತಾಯಿ ಬೇಡದ ಮಾತ್ರೆ ನುಂಗಬೇಕಾಯಿತು.

ಈ ತೊಡಕನ್ನು ನನಗಿಂತ ಬಹಳ ಮೊದಲೇ ಕಂಡವರಿದ್ದರು. ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಅಕ್ಷರ ಬಾರದವರಿಗಾಗಿಯೇ ಹೊಂದಿಸಿದ ಹಿಂದಿ ಆವೃತ್ತಿ 1995ರಲ್ಲಿ ಪ್ರಕಟವಾಗಿತ್ತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಅರಿವಿನ ಪರೀಕ್ಷೆಗಳ ಕಟ್ಟಿನಲ್ಲಿ ಕನ್ನಡವೂ ಸೇರಿತು. ಅವುಗಳನ್ನು ಓದಿಕೊಂಡು, ನನ್ನ ಹೊರರೋಗಿ ವಿಭಾಗಕ್ಕೆ ಬರುವವರ ಬದುಕಿಗೆ ಪ್ರಶ್ನೆಗಳನ್ನು ಹೊಂದಿಸುವ ಕೆಲಸಕ್ಕೆ ನಾನು ಇಳಿದೆ. ಅನುವಾದವನ್ನು ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿ ಅನುವಾದಿಸಿ ತಾಳೆ ನೋಡುವುದು ಶಾಸ್ತ್ರೋಕ್ತ ಕ್ರಮ. ಅದನ್ನು ಮಾಡಿದೆವು, ಆದರೆ ಅದಷ್ಟೇ ಸಾಲದು. 2005ರಲ್ಲಿ ಬಂದ, ಇದೇ ಬಗೆಯ ಮೋಕಾ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಸಿಂಹ, ಘೇಂಡಾಮೃಗ, ಒಂಟೆಗಳ ಚಿತ್ರ ತೋರಿಸಿ ಹೆಸರು ಕೇಳುತ್ತಾರೆ. ಕಾಡಾನೆಯನ್ನು ಗದ್ದೆಯಂಚಿನಲ್ಲೇ ಕಂಡಿರುವ ಆಲೂರಿನ ರೈತರಿಗೆ ಘೇಂಡಾಮೃಗದ ಹೆಸರು ಬಾರದಿದ್ದರೆ ಅದರಿಂದ ಮಿದುಳಿನ ಬಗ್ಗೆ ನಾನು ಏನನ್ನು ತಿಳಿಯಲಿ? 'ಪ' ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿ ಎಂದರೂ ಇದೇ ಕಷ್ಟ, ಏಕೆಂದರೆ ಅಕ್ಷರ ಕಲಿಯದವರಿಗೆ ಪದವನ್ನು ಹಾಗೆ ಒಡೆದು ನೋಡುವ ರೂಢಿಯೇ ಇರುವುದಿಲ್ಲ.

ಹೋಲಿಕೆಗೆ ಆರೋಗ್ಯವಂತ ಹಿರಿಯರು ಬೇಕಿತ್ತು. ರೋಗಿಗಳ ಜೊತೆಗೆ ಬಂದು ಬೆಂಚಿನ ಮೇಲೆ ಕಾಯುತ್ತಿದ್ದ ಗಂಡ, ಹೆಂಡತಿ, ಅಕ್ಕ, ಭಾವಂದಿರನ್ನೇ ಕೇಳಿಕೊಂಡೆ. ಓದಲು ಬಾರದವರಿಗೆ ಒಪ್ಪಿಗೆ ಪತ್ರವನ್ನು ಸಾಕ್ಷಿಯೊಬ್ಬರ ಎದುರಿನಲ್ಲಿ ಪೂರ್ತಿ ಓದಿ ಹೇಳಿ, ಹೆಬ್ಬೆಟ್ಟು ಪಡೆದು, ಅನಂತರವೇ ಪ್ರಶ್ನೆ ಕೇಳುತ್ತಿದ್ದೆವು. ಶಾಲೆಗೆ ಹೋಗದವರು, ಪ್ರಾಥಮಿಕ ಮುಗಿಸಿದವರು, ಎಸ್ಸೆಸ್ಸೆಲ್ಸಿ ದಾಟಿದವರು ಎಂದು ಹಾಳೆಗಳನ್ನು ಬೇರೆ ಬೇರೆ ಕಟ್ಟಿಟ್ಟು, ಪ್ರತಿ ಗುಂಪಿಗೂ ಅದರದ್ದೇ ಗಡಿ ಅಂಕ ಹುಡುಕಿದೆವು. ನಿಧಾನದ ಕೆಲಸ. ಆದರೆ ಇದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ಪರೀಕ್ಷೆಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳಿಸುವುದು. ಎಷ್ಟು ಹೆಸರು ಬಂದವು ಎಂಬುದಕ್ಕಿಂತ ಹೇಗೆ ಬಂದವು ಎಂಬುದನ್ನು ನಾನು ಗಮನವಿಟ್ಟು ಕೇಳುತ್ತೇನೆ. ಆರೋಗ್ಯವಂತ ಹಿರಿಯರು ಕೊಟ್ಟಿಗೆಯಿಂದ ಹೊರಡುತ್ತಾರೆ: ಹಸು, ಎಮ್ಮೆ, ಕರು, ಮೇಕೆ. ಅಲ್ಲಿ ಖಾಲಿಯಾದ ಕೂಡಲೇ ಕಾಡಿಗೆ ಜಿಗಿಯುತ್ತಾರೆ: ಆನೆ, ಕಡವೆ, ಕಾಡುಹಂದಿ, ಚಿರತೆ. ಆಲ್ಝೈಮರ್ ಕಾಯಿಲೆಯಲ್ಲಿ ಪದಗಳ ಕಣಜವೇ ಬರಿದಾಗುತ್ತಾ ಬರುವುದರಿಂದ ಪ್ರತಿ ಗುಂಪೂ ಚಿಕ್ಕದಾಗುತ್ತದೆ, ಹೇಳಿದ ಹಸುವೇ ಮತ್ತೆ ಬರುತ್ತದೆ. ಮಿದುಳಿನ ಮುಂಭಾಗ ಮತ್ತು ಅದರ ಒಳಸಂಪರ್ಕಗಳು ಕೆಟ್ಟಿರುವವರು ಕೊಟ್ಟಿಗೆಯಲ್ಲೇ ನಿಂತುಬಿಡುತ್ತಾರೆ. ಕಾಡಿನ ಪ್ರಾಣಿಗಳ ಹೆಸರು ಅವರಲ್ಲಿದೆ, ಆದರೆ ಅಲ್ಲಿಗೆ ದಾಟುವ ಜಿಗಿತ ಆಗುವುದಿಲ್ಲ. "ಕಾಡಲ್ಲಿ ಏನಿರುತ್ತೆ?" ಎಂದು ಒಂದು ಮಾತು ಆಸರೆ ಕೊಟ್ಟರೆ ಹೆಸರುಗಳು ಬರತೊಡಗುತ್ತವೆ.

ಭಾಷೆಯ ವಿಷಯದಲ್ಲೂ ಎಚ್ಚರ ಬೇಕು. ಮನೆಯಲ್ಲಿ ತುಳು, ಉರ್ದು ಅಥವಾ ತಮಿಳು ಆಡಿ, ಪೇಟೆಯಲ್ಲಿ ಕನ್ನಡ ಆಡುವವರು ಈ ಜಿಲ್ಲೆಯಲ್ಲಿ ಬಹಳ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳನ್ನು ಗಮನಿಸಿ 2013ರಲ್ಲಿ ಪ್ರಕಟಿಸಿದಂತೆ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ಅಂತರವಿತ್ತು. ಅದನ್ನು ಓದಿದ ಮೇಲೆ, ಮನೆಯ ಭಾಷೆ ಯಾವುದು ಎಂದು ಕೇಳದೆ ನಾನು ಯಾರ ಪರೀಕ್ಷೆಯನ್ನೂ ಶುರು ಮಾಡಿಲ್ಲ.

ಅಂಕ ಕಡಿಮೆ ಬಂದು ದಾರಿ ತಪ್ಪಿಸುವಂತೆ ಹೆಚ್ಚು ಬಂದೂ ದಾರಿ ತಪ್ಪಿಸುತ್ತದೆ ಎಂದು ನನಗೆ ಕಲಿಸಿದವರು ಸಕಲೇಶಪುರ ಕಡೆಯ ಕಾಫಿ ತೋಟವೊಂದರಲ್ಲಿ ಹಾಜರಿ, ಕೂಲಿಯ ಲೆಕ್ಕ ಬರೆಯುವ ರೈಟರು. ಚಿಕ್ಕ ಪಾರ್ಶ್ವವಾಯುವಾಗಿ, ಕೈಯ ಬಲವೆಲ್ಲ ಮರಳಿತ್ತು. ಸ್ಕ್ಯಾನಿನಲ್ಲಿ ಮಿದುಳಿನ ಆಳದ ಕಾಡೇಟ್ ಎಂಬ ಭಾಗದಲ್ಲಿ ಸಣ್ಣದೊಂದು ಗಾಯ. ಪಾರ್ಶ್ವವಾಯುವಿನ ಮೊದಲ ದಿನಗಳ ಗೊಂದಲದಲ್ಲಿ ಇಂಥ ಪರೀಕ್ಷೆ ಮಾಡಿ ತೀರ್ಮಾನಕ್ಕೆ ಬರಬಾರದು ಎಂದು ನಾನು ಮೂರು ತಿಂಗಳು ಕಾದೆ. ಎಂಎಂಎಸ್‌ಇಯಲ್ಲಿ 28 ಬಂತು. ಎಲ್ಲ ಸರಿಯಿದೆ ಎನ್ನುವಷ್ಟರಲ್ಲಿ ಅವರ ಪತ್ನಿ, "ಬಟವಾಡೆ ಲೆಕ್ಕ ಕೂಡ್ತಾನೇ ಇಲ್ಲ ಸಾರ್, ಶುಕ್ರವಾರ ರಾತ್ರಿಯೆಲ್ಲ ಹಾಜರಿ ಪುಸ್ತಕ ಹಿಡ್ಕೊಂಡು ಕೂತಿರ್ತಾರೆ" ಎಂದರು. 1ರಿಂದ ಅ, ಅದರಿಂದ 2, ಆಮೇಲೆ ಆ ಎಂದು ಅಂಕಿ, ಅಕ್ಷರಗಳನ್ನು ಒಂದಾದ ಮೇಲೊಂದು ಗೆರೆಯಿಂದ ಜೋಡಿಸುವ ಹಾಳೆ ಕೊಟ್ಟೆ. 1, ಅ, 2 ಎಂದು ಹೋದವರು 3ಕ್ಕೆ ಗೆರೆ ಎಳೆದರು. ತಪ್ಪಾಯಿತೆಂದು ಅವರಿಗೇ ತಿಳಿಯಿತು, ಪೆನ್ಸಿಲು ಎತ್ತಿದರು, ಬೆವರಿದರು, ಮತ್ತೆ 3ಕ್ಕೇ ಹೋದರು. ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು ನಡೆಸುವ ಈ ಶಕ್ತಿಯನ್ನು ಎಂಎಂಎಸ್‌ಇ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಪಾರ್ಶ್ವವಾಯುವಿನ ನಂತರ ಮೊದಲು ಕುಂದುವುದು ಅನೇಕರಲ್ಲಿ ಇದೇ. ಆಮೇಲೆ ನನ್ನ ಹಾಳೆಗೆ ಮನೆಯವರನ್ನು ಕೇಳಬೇಕಾದ ಪ್ರಶ್ನೆಗಳ ಇನ್ನೊಂದು ಪುಟ ಸೇರಿತು: ಡೈರಿಗೆ ಹಾಕಿದ ಹಾಲಿನ ಲೆಕ್ಕ ನೋಡುತ್ತಾರೆಯೇ, ಬಸ್ಸು ಬದಲಿಸಿ ಹೋಗಬಲ್ಲರೇ, ಹತ್ತು ಜನರಿಗೆ ಅಡುಗೆ ಮಾಡಬಲ್ಲರೇ.

ರೈಟರ ಬಿಪಿ, ಶುಗರ್‌ಗಳನ್ನು ಬಿಗಿಯಾಗಿ ಹಿಡಿದೆವು, ಏಕೆಂದರೆ ಎರಡನೆಯ ಪಾರ್ಶ್ವವಾಯು ಬಂದರೆ ಉಳಿದದ್ದೂ ಹೋಗುವ ಭಯವಿತ್ತು. ತೋಟದ ಮಾಲೀಕರೊಂದಿಗೆ ನಾನೇ ಮಾತನಾಡಿದೆ. ಈಗ ಶನಿವಾರದ ಬಟವಾಡೆಯಲ್ಲಿ ರೈಟರು ಹಾಜರಿ ಪುಸ್ತಕ ನೋಡಿ ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಪಕ್ಕದಲ್ಲಿ ಕುಳಿತ ಮಗ ಹಣ ಎಣಿಸುತ್ತಾನೆ.