ಡಾಕ್ಸ್‌ನ ಪ್ರತಿ ಕಮಾಂಡನ್ನೂ ಮೂರು ಓಎಸ್‌ನಲ್ಲಿ ಓಡಿಸಿದೆ: ನನ್ನ ಅನುಭವ

ನಮ್ಮದು ಪೈಥಾನ್ ಟೂಲ್. ಬಳಸುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ವಿಂಡೋಸ್‌ನವರು, ಇನ್‌ಸ್ಟಾಲ್ ಪುಟ ಮಾತ್ರ ಉಬುಂಟು ಲಿನಕ್ಸ್‌ಗೆ ಬರೆದದ್ದು. ಡಾಕ್ಸ್‌ನ, ಅಂದರೆ ಬಳಕೆಯ ಕೈಪಿಡಿಯ, ಕಮಾಂಡುಗಳನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಓಎಸ್‌ನಲ್ಲಿ ಟೆಸ್ಟ್ ಮಾಡೋಣ ಅಂದರೆ ತಂಡದಲ್ಲಿ ಯಾರೂ ಒಪ್ಪಲಿಲ್ಲ. "ವಿಂಡೋಸ್‌ನವರು ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಲಿ" ಅಂದರು. ಅದು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ. ಅದನ್ನು ಹಾಕಲು ಕಾಲೇಜು ಲ್ಯಾಬಿನ ಹುಡುಗರಿಗೆ ಅಡ್ಮಿನ್ ಪರ್ಮಿಶನ್ ಯಾರು ಕೊಡುತ್ತಾರೆ?

ಮೊದಲು ಡಾಕ್ಸ್ ಪುಟದಲ್ಲಿ ಓಎಸ್‌ಗೊಂದರಂತೆ ಮೂರು ಟ್ಯಾಬ್ ಮಾಡಿ ನೋಡಿದೆವು. ವರ್ಷದೊಳಗೆ ಲಿನಕ್ಸ್ ಟ್ಯಾಬ್ ಮಾತ್ರ ಹೊಸದು, ಉಳಿದೆರಡು ಹಳಸಿದವು. ಆಮೇಲೆ ವ್ಯತ್ಯಾಸವನ್ನೇ ಕಡಿಮೆ ಮಾಡುತ್ತಾ ಬಂದೆ. ಸೆಟ್ಟಿಂಗ್ ಕೊಡುವ ಕಮಾಂಡ್ ಲಿನಕ್ಸ್, ಮ್ಯಾಕ್‌ನಲ್ಲಿ ಎಕ್ಸ್‌ಪೋರ್ಟ್, ವಿಂಡೋಸ್‌ನಲ್ಲಿ ಸೆಟ್. ಆ ಗೊಂದಲ ಬೇಡವೆಂದು ಸೆಟ್ಟಿಂಗ್‌ಗಳನ್ನೆಲ್ಲ ಒಂದು ಕಾನ್ಫಿಗ್ ಫೈಲಿಗೆ ಹಾಕಿದೆ. ಬ್ಯಾಕ್‌ಸ್ಲ್ಯಾಶ್ ಹಾಕಿ ಸಾಲು ಮುರಿಯುವುದು ವಿಂಡೋಸ್‌ನಲ್ಲಿ ನಡೆಯದು, ಹಾಗೆ ಮುರಿದಿದ್ದ ಉದ್ದದ ಕಮಾಂಡುಗಳು ಒಂದೇ ಸಾಲಿಗೆ ಬಂದವು. ಫೈಲಿನೊಳಗೇ ತಿದ್ದುವ ಸೆಡ್ ಕಮಾಂಡ್ ಲಿನಕ್ಸ್‌ನಲ್ಲಿ ಒಂದು ರೀತಿ, ಮ್ಯಾಕ್‌ನಲ್ಲಿ ಇನ್ನೊಂದು ರೀತಿ ಅಲ್ವಾ, ಆ ಕೆಲಸವನ್ನು ನಮ್ಮ ಟೂಲಿಗೇ ಕೊಟ್ಟೆ. ಸುಮಾರು ನಲವತ್ತು ಕಡೆ ಇದ್ದ ವ್ಯತ್ಯಾಸ ಆರೇಳಕ್ಕೆ ಇಳಿಯಿತು.

ದುಡ್ಡಿನದೇ ತಲೆನೋವು. ಟೆಸ್ಟ್ ಓಡಿಸುತ್ತಿದ್ದದ್ದು ಕೋಡ್ ಇಡುವ ತಾಣ ಗಿಟ್‌ಹಬ್‌ನ ಯಂತ್ರಗಳಲ್ಲಿ. ಅಲ್ಲಿನ ಖಾಸಗಿ ರೆಪೊದಲ್ಲಿ (ಕೋಡ್ ಸಂಗ್ರಹದಲ್ಲಿ) ಆಗ ಮ್ಯಾಕ್ ಒಂದು ನಿಮಿಷ ಓಡಿದರೆ ಉಚಿತ ಕೋಟಾದಲ್ಲಿ ಹತ್ತು ನಿಮಿಷ ಹೋಗುತ್ತಿತ್ತು, ವಿಂಡೋಸ್‌ಗೆ ಎರಡು. ಹಳೆಯ ಮ್ಯಾಕ್ ಮಿನಿ ಒಂದನ್ನು ಇಪ್ಪತ್ತೆರಡು ಸಾವಿರದ ಆಸುಪಾಸಿಗೆ ತಂದು ರನ್ನರ್, ಅಂದರೆ ಟೆಸ್ಟ್ ಓಡಿಸುವ ನಮ್ಮದೇ ಯಂತ್ರ, ಮಾಡಿಕೊಂಡೆ. ಕೆಲವೇ ತಿಂಗಳಲ್ಲಿ ಹಣ ಹುಟ್ಟಿತು.

ಎಲ್ಲರ ಬಾಯಿ ಮುಚ್ಚಿಸಿದ್ದು ಕನ್ನಡದ ಒಂದು ಉದಾಹರಣೆ. ಊರಿನ ಹೆಸರುಗಳಿದ್ದ ಫೈಲನ್ನು ಟೂಲ್ ಲಿನಕ್ಸ್, ಮ್ಯಾಕ್‌ನಲ್ಲಿ ಸಲೀಸಾಗಿ ಓದಿತು. ವಿಂಡೋಸ್‌ನಲ್ಲಿ ಪೈಥಾನ್ ಅದನ್ನು ಸಿಪಿ1252 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಅಕ್ಷರಪಟ್ಟಿ) ಎಂದುಕೊಂಡು ತೆರೆಯಿತು. 'ಹಾವೇರಿ' ಒಂದೇ ಇದ್ದರೆ ಎರರ್ ಇಲ್ಲ, ಸುಮ್ನೆ ಕಸವಾಗಿ ಬರುತ್ತದೆ. 'ಮೈಸೂರು' ಅಥವಾ 'ಬಳ್ಳಾರಿ' ಇದ್ದರೆ ಪ್ರೋಗ್ರಾಮೇ ನಿಲ್ಲುತ್ತದೆ. ಫೈಲಿನಲ್ಲಿ ಅಕ್ಷರಗಳು ಕೂರುವುದು ಬೈಟ್ ಎಂಬ ಸಂಖ್ಯೆಗಳಾಗಿ. ಕೊಂಬಿನಲ್ಲಿ ಬರುವ 81, ಒತ್ತಕ್ಷರದಲ್ಲಿ ಬರುವ 8ಡಿ, ಈ ಎರಡು ಬೈಟ್‌ಗಳಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಫೈಲು ಎಲ್ಲ ಲಿಪಿಗೂ ಆಗುವ ಯುಟಿಎಫ್-8 ಎನ್‌ಕೋಡಿಂಗ್‌ನದು ಎಂದು ಕೋಡಿನಲ್ಲಿ ಬರೆದ ಮೇಲೆ ಮೂರೂ ಕಡೆ ಟೆಸ್ಟ್ ಹಸಿರು, ಅಂದರೆ ಪಾಸು. ಬರೀ ಕಣ್ಣಲ್ಲಿ ಓದಿ ಇದನ್ನು ಹಿಡಿಯುವವರು ನಮ್ಮಲ್ಲಿ ಯಾರೂ ಇರಲಿಲ್ಲ.



ಓದುವವರ ಬ್ರೌಸರ್ ಯಾವ ಓಎಸ್‌ನದೆಂದು ನೋಡಿ ಅದರ ಟ್ಯಾಬ್ ತಾನೇ ತೆರೆಯುವ ಹಾಗೂ ಮಾಡಿದ್ದೆ. ಆದರೆ ಜನ ಫೋನಿನಲ್ಲಿ ಓದಿ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾರೆ, ವಿಂಡೋಸ್‌ನಲ್ಲಿ ಕೂತು ಲಿನಕ್ಸ್ ಸರ್ವರ್ ಸೆಟಪ್ ಮಾಡುತ್ತಾರೆ. ಅದನ್ನು ತೆಗೆದುಹಾಕಿದೆ. ಈಗ ಓದುವವರೇ ಒಮ್ಮೆ ಆರಿಸಿದರೆ ಎಲ್ಲ ಪುಟದಲ್ಲೂ ಅದೇ ಟ್ಯಾಬ್ ತೆರೆಯುತ್ತದೆ.