ಡಬಲ್ ಸ್ಪೀಡಲ್ಲಿ ಓಡಿದ ಟೈಮರ್

ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದ ಸ್ಪ್ರಿಂಕ್ಲರ್ ಮೋಟಾರಿಗೆ ಎಸ್‌ಟಿಎಂ32ಎಫ್103 ಚಿಪ್ ಹಾಕಿ, ಸಣ್ಣದೊಂದು ಕರ್ನಲ್ (ಚಿಪ್ಪಿನ ಕೆಲಸಗಳನ್ನು ನಡೆಸುವ ಮೂಲ ಪ್ರೋಗ್ರಾಂ) ಬರೆದಿದ್ದೆ. 4 ಗಂಟೆ ಓಡಬೇಕಾದ ಮೋಟಾರು 2 ಗಂಟೆಗೇ ಆಫ್! "ನಿನ್ನ ಗಡಿಯಾರಕ್ಕೆ ಏನೋ ಅಷ್ಟು ಅವಸರ?" ಅಂತ ಚಿಕ್ಕಪ್ಪ ನಕ್ಕರು.

ರಿಲೇ, ವೈರಿಂಗ್ ಎಲ್ಲ ಸುಮ್ನೆ ಬಿಚ್ಚಿದೆ. ತಪ್ಪು ಇದ್ದದ್ದು ಕರ್ನಲ್‌ಗೆ ಟೈಮರ್ ವಿವರ ಕೊಡುವ ಫೈಲಿನಲ್ಲಿ. ಎಪಿಬಿ1 ಬಸ್ (ಚಿಪ್ಪಿನೊಳಗೆ ಟೈಮರಿನಂಥ ಭಾಗಗಳನ್ನು ಜೋಡಿಸುವ ದಾರಿ) 36 ಮೆಗಾಹರ್ಟ್ಸ್ ಅಲ್ವಾ, ಅದರ ಮೇಲಿರುವ ಟೈಮರ್ 2 ಕೂಡ ಅಷ್ಟೇ ಅಂದುಕೊಂಡಿದ್ದೆ. ಆದರೆ ಬಸ್ಸಿನ ಕ್ಲಾಕನ್ನು ಭಾಗಿಸಿ ನಿಧಾನ ಮಾಡಿದ್ದರೆ ಈ ಚಿಪ್ ಟೈಮರಿಗೆ ಅದರ ಎರಡರಷ್ಟು ಕೊಡುತ್ತದೆ, ಅಂದರೆ 72 ಮೆಗಾಹರ್ಟ್ಸ್. ಟೈಮರಿನ ಕ್ಲಾಕನ್ನು ಎಷ್ಟರಿಂದ ಭಾಗಿಸಬೇಕೆಂದು ಹೇಳುವ ಪ್ರೀಸ್ಕೇಲರ್‌ನಲ್ಲಿದ್ದ 35 ತೆಗೆದು 71 ಹಾಕಿದೆ (72 ಅಲ್ಲ, ಅಲ್ಲಿ ಒಂದು ಕಡಿಮೆ ಬರೆಯಬೇಕು). ಈಗ ಒಂದು ಟಿಕ್ ಸರಿಯಾಗಿ 1 ಮೈಕ್ರೋಸೆಕೆಂಡ್.

ನಿನ್ನೆ ಬೆಳಿಗ್ಗೆ 6ಕ್ಕೆ ಶುರುವಾದ ಮೋಟಾರು 10ಕ್ಕೆ ನಿಂತಿತು. ಚಿಕ್ಕಪ್ಪ ಮಾತ್ರ ಇನ್ನೂ ವಾಚ್ ನೋಡಿಕೊಂಡೇ ಕೂತಿದ್ದರು.