ಗಂಟಲಲ್ಲಿ ಹಲಸಿನ ತೊಳೆ: ಚಿತ್ರ ಬರೆದು ಜರ್ಮನ್ ಪದ ಕಲಿಯುವ ಬಗೆ

ಒಂದು ಹಾಳೆಯ ಮೇಲೆ ಸೊನ್ನೆ ಬರೆಯಿರಿ. ಅದು ತಲೆ. ಕೆಳಗೆ ಎರಡು ಗೆರೆ ಎಳೆದರೆ ಕುತ್ತಿಗೆ. ಆ ಗೆರೆಗಳ ನಡುವೆ ಒಂದು ಹಲಸಿನ ತೊಳೆಯನ್ನು ಸಿಕ್ಕಿಸಿ, ಕಣ್ಣೆರಡನ್ನೂ ಅಗಲಿಸಿಬಿಡಿ. ಎಲ್ಲವೂ ನೀಲಿ ಪೆನ್ನಿನಲ್ಲೇ ಇರಲಿ. ಈಗ ಹಾಳೆಯ ಹಿಂಬದಿಯಲ್ಲಿ ‘ಡೆರ್ ಹಲ್ಸ್’ ಎಂದು ಬರೆಯಿರಿ. ಜರ್ಮನ್ ಭಾಷೆಯಲ್ಲಿ ಹಲ್ಸ್ ಎಂದರೆ ಕುತ್ತಿಗೆಯೂ ಹೌದು, ಗಂಟಲೂ ಹೌದು. ಹಲಸು ತಿಂದು ಬೆಳೆದವರು ಈ ಪದವನ್ನು ಸುಲಭಕ್ಕೆ ಮರೆಯಲಾರರು.

ನಾನು ನರ್ಸ್. ಹನ್ನೊಂದು ವರ್ಷ ತುಮಕೂರು, ಬೆಂಗಳೂರುಗಳ ವಾರ್ಡುಗಳಲ್ಲಿ ದುಡಿದ ಮೇಲೆ ಜರ್ಮನ್ ಕಲಿಯಲು ಕುಳಿತೆ. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು, ಅಂದರೆ ಭಾಷಾ ಕಲಿಕೆಯ ಆರು ಮಟ್ಟಗಳಲ್ಲಿ ನಾಲ್ಕನೆಯದು. ಮೊದಲೆರಡು ತಿಂಗಳು, ಶಾಲೆಯಲ್ಲಿ ಕಲಿಸಿದಂತೆ ಒಂದೊಂದು ಪದವನ್ನೂ ಹತ್ತು ಸಲ ಬರೆದೆ. ಒಂದು ದಿನ ತರಗತಿಯ ಅಭ್ಯಾಸ ಪರೀಕ್ಷೆಯಲ್ಲಿ ಮೂತ್ರಪಿಂಡದ ರೋಗಿಯೊಬ್ಬರ ಬಗ್ಗೆ ಮಾತನಾಡಲು ಹೇಳಿದರು. ಡಯಾಲಿಸಿಸ್ ವಾರ್ಡಿನಲ್ಲೇ ಮೂರು ವರ್ಷ ಕಳೆದವಳು ನಾನು, ಆದರೆ ಹತ್ತು ಸಲ ಬರೆದಿದ್ದ ಆ ಪದ ಬಾಯಿಗೆ ಬರಲಿಲ್ಲ. ಅಂದು ರಾತ್ರಿ ಪಾಳಿಯಲ್ಲಿ, ಔಷಧ ಕಂಪನಿಯವರು ಕೊಟ್ಟ ಪುಟ್ಟ ನೋಟ್‌ಪ್ಯಾಡಿನ ಮೇಲೆ ಒಂದು ಮೂತ್ರಪಿಂಡ ಬರೆದು ಅದಕ್ಕೆ ನಲ್ಲಿ ಜೋಡಿಸಿದೆ. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂತ್ರಪಿಂಡಕ್ಕೆ ಜರ್ಮನ್ ಪದ ‘ನೀರೆ’.

ಒಂದು ಚಿತ್ರದಲ್ಲಿ ಮೂರು ಸಂಗತಿ ಇರಬೇಕು: ಅರ್ಥ, ಆ ಪದದ ಉಚ್ಚಾರಣೆಯನ್ನು ನೆನಪಿಸುವ ಒಂದು ಕನ್ನಡ ಪದ, ಮತ್ತು ಲಿಂಗ. ಲಿಂಗವನ್ನು ಬಿಡಲೇಬಾರದು. ಕನ್ನಡದಲ್ಲಿ ವಸ್ತುಗಳೆಲ್ಲ ನಪುಂಸಕ ಲಿಂಗ, ಹಾಗಾಗಿ ನಾವು ಆ ಬಗ್ಗೆ ಯೋಚಿಸುವುದೇ ಇಲ್ಲ. ಜರ್ಮನ್‌ನಲ್ಲಿ ಗಂಟಲು ಪುಲ್ಲಿಂಗ, ಮೂತ್ರಪಿಂಡ ಸ್ತ್ರೀಲಿಂಗ, ಕಿವಿ ನಪುಂಸಕ. ಪುಲ್ಲಿಂಗದ ‘ಡೆರ್’ ಪದಗಳಿಗೆ ನೀಲಿ, ಸ್ತ್ರೀಲಿಂಗದ ‘ಡೀ’ ಪದಗಳಿಗೆ ಕೆಂಪು, ನಪುಂಸಕದ ‘ದಸ್’ ಪದಗಳಿಗೆ ಹಸಿರು ಎಂದು ಗೊತ್ತು ಮಾಡಿಕೊಳ್ಳಿ. ಇಡೀ ಚಿತ್ರ ಆ ಬಣ್ಣದಲ್ಲೇ ಇರಲಿ. ತಿಂಗಳುಗಳ ಬಳಿಕ ಪದ ನೆನಪಾಗುವಾಗ ಬಣ್ಣವೂ ಜೊತೆಗೇ ಬರುತ್ತದೆ.

ಮೊದಲ ಕಂತಿಗೆ ದೇಹದ ಭಾಗಗಳನ್ನೇ ತೆಗೆದುಕೊಳ್ಳಿ. ಜಠರಕ್ಕೆ ‘ಮಾಗೆನ್’ ಎನ್ನುತ್ತಾರೆ, ಪುಲ್ಲಿಂಗ. ಶಾಲೆಯಿಂದ ಹಸಿದು ಬಂದ ನನ್ನ ಮಗನನ್ನು ನೀಲಿಯಲ್ಲಿ ಬರೆದು ಹೊಟ್ಟೆಯ ಜಾಗದಲ್ಲಿ ಖಾಲಿ ತಟ್ಟೆ ಇಟ್ಟೆ: ಮಗನ ಹೊಟ್ಟೆ. ಲಿವರ್‌ಗೆ ‘ಲೇಬರ್’ ಎಂಬ ಪದ, ಕೊನೆಯ ರಕಾರ ಕೇಳಿಸಿಯೂ ಕೇಳಿಸದಂತಿರುತ್ತದೆ, ಸ್ತ್ರೀಲಿಂಗ. ನಮ್ಮ ಕಡೆ ಕಟ್ಟಡದ ಕೆಲಸದವರನ್ನು ಲೇಬರ್ ಎನ್ನುತ್ತಾರಲ್ಲ, ಹಾಗೆ ತಲೆಯ ಮೇಲೆ ಇಟ್ಟಿಗೆ ಹೊತ್ತ ಕೆಂಪು ಲಿವರ್ ಬರೆಯಿರಿ. ದೇಹದಲ್ಲಿ ಅದರಷ್ಟು ದುಡಿಯುವ ಅಂಗಗಳು ಕಡಿಮೆ, ಹಾಗಾಗಿ ಚಿತ್ರ ಸುಳ್ಳೂ ಅಲ್ಲ. ಕಿವಿ ‘ಓರ್’, ಹಸಿರು. ಒಂದು ಕಡೆ ಓರೆಯಾಗಿ ಬಾಗಿದ ಕಿವಿ ಸಾಕು.

ಒಂದು ಎಚ್ಚರಿಕೆ. ‘ಗಲ್ಲೆ’ ಎಂಬ ಪದ ಕೇಳಿದಾಗ ನಾನು ಗುಳಿ ಬಿದ್ದ ಗಲ್ಲ ಬರೆದೆ. ಎರಡು ವಾರ ನನಗೆ ಅದರ ಅರ್ಥ ಗಲ್ಲ ಎಂದೇ ನೆನಪಾಗುತ್ತಿತ್ತು. ನಿಜವಾದ ಅರ್ಥ ಪಿತ್ತ. ಕನ್ನಡ ಪದ ಚಿತ್ರದಲ್ಲಿ ಸಹಾಯಕ ಮಾತ್ರ, ಅರ್ಥವೇ ಯಜಮಾನ. ಆಮೇಲೆ ಪಿತ್ತಕೋಶದ ಚೀಲವನ್ನು ದೊಡ್ಡದಾಗಿ ಬರೆದು, ಅದಕ್ಕೆ ಮುಖ ಇಟ್ಟು, ಗಲ್ಲ ಉಬ್ಬಿಸಿದೆ. ಅಲ್ಲಿಗೆ ಗೊಂದಲ ಮುಗಿಯಿತು.

ಚಿತ್ರಕಲೆ ಬಾರದು ಎಂದು ಹಿಂಜರಿಯಬೇಡಿ. ಸೊನ್ನೆ, ಗೆರೆ, ಬಾಣದ ಗುರುತು ಬಂದರೆ ಸಾಕು, ಒಂದು ಚಿತ್ರಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪ್ರತಿ ಪದಕ್ಕೂ 40 ಸೆಕೆಂಡು ಕೊಟ್ಟು, ಕೆಲವನ್ನು ಚಿತ್ರಿಸಲು, ಕೆಲವನ್ನು ಮತ್ತೆ ಮತ್ತೆ ಬರೆಯಲು ಹೇಳಿದರು. ಹೆಚ್ಚು ನೆನಪಿನಲ್ಲಿ ಉಳಿದದ್ದು ಚಿತ್ರಿಸಿದ ಪದಗಳೇ. ಸಮಯವನ್ನು 4 ಸೆಕೆಂಡಿಗೆ ಇಳಿಸಿದಾಗಲೂ ಹಾಗೆಯೇ ಆಯಿತು. ಅವರು ಕೊಟ್ಟದ್ದು ಪರಭಾಷೆಯ ಪದಗಳಲ್ಲ, ಆದರೂ ಆ ಲೆಕ್ಕ ನನ್ನ ನೋಟ್‌ಪ್ಯಾಡಿಗೆ ಚೆನ್ನಾಗಿ ಹೊಂದುತ್ತದೆ. ಮೊಬೈಲಿನಿಂದ ಸಿದ್ಧ ಚಿತ್ರ ತೆಗೆದು ಅಂಟಿಸಬೇಡಿ. ಏನು ಬರೆಯಲಿ ಎಂದು ನೀವು ತಡಕಾಡುವ ಆ ಕೆಲವು ಕ್ಷಣಗಳಲ್ಲೇ ಪದ ನಿಮ್ಮದಾಗುವುದು.

ಜೋಡುಪದಗಳಿಗೆ ಕನ್ನಡ ಪದ ಹುಡುಕುವ ಕಷ್ಟವೂ ಇಲ್ಲ. ಕೈಗವಸು ಎಂದರೆ ‘ಹಂಟ್‌ಷೂ’, ಅಂದರೆ ಕೈಯ ಬೂಟು. ಬೆರಳುಗಳಿಗೆ ಬೂಟು ತೊಡಿಸಿ.

ಕಣ್ಣಿಗೆ ಕಾಣದ ಅರ್ಥದ ಪದಗಳಿಗೆ ಒಂದು ಸನ್ನಿವೇಶ ಬೇಕು. ‘ಗೆಡುಲ್ಟ್’ ಎಂದರೆ ತಾಳ್ಮೆ, ಸ್ತ್ರೀಲಿಂಗ. ಬಸ್ ನಿಲ್ದಾಣದಲ್ಲಿ ಬುತ್ತಿ ಮಡಿಲಲ್ಲಿಟ್ಟುಕೊಂಡು ನನಗಾಗಿ ಕಾಯುತ್ತಿದ್ದ ಅಮ್ಮನನ್ನು ಕೆಂಪಿನಲ್ಲಿ ಬರೆದೆ. ಇಲ್ಲಿ ಹೋಲುವ ಕನ್ನಡ ಪದ ಸಿಗಲಿಲ್ಲ, ಬಲವಂತವಾಗಿ ಹುಡುಕಲೂ ಇಲ್ಲ.

ನನಗೆ ಬಹಳ ಪ್ರಿಯವಾದ ಚೀಟಿ ‘ಆಟ್ಮೆನ್’, ಉಸಿರಾಡು. ಅದಕ್ಕೂ ಸಂಸ್ಕೃತದ ‘ಆತ್ಮನ್’ ಪದಕ್ಕೂ ಮೂಲ ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಎದೆಗೂಡಿನೊಳಗೆ ಒಂದು ಹಣತೆ ಬರೆಯಿರಿ. ಒಳಗೆ ಹೋಗುವ ಬಾಣ ‘ಐನ್‌ಆಟ್ಮೆನ್’, ಹೊರಗೆ ಬರುವ ಬಾಣ ‘ಔಸ್‌ಆಟ್ಮೆನ್’. ಸ್ಟೆತೋಸ್ಕೋಪ್ ಹಿಡಿದವರು ದಿನಕ್ಕೆ ಹತ್ತಾರು ಸಲ ಹೇಳಬೇಕಾದ ಮಾತು ಅದು.

ಚೀಟಿಗಳನ್ನು ಮರುದಿನ ಬೆಳಿಗ್ಗೆ, ಮೂರನೆಯ ದಿನ, ವಾರದ ಬಳಿಕ, ತಿಂಗಳ ಬಳಿಕ ನೋಡಿ. ಚಿತ್ರ ಮಾತ್ರ ನೋಡಿ ಪದವನ್ನು ಲಿಂಗಸಮೇತ ಗಟ್ಟಿಯಾಗಿ ಹೇಳಬೇಕು, ಆಮೇಲಷ್ಟೇ ಹಿಂಬದಿ ತಿರುಗಿಸಬೇಕು. ಹಿಂಬದಿಯಲ್ಲಿ ಕನ್ನಡ ಲಿಪಿಯ ಜೊತೆಗೆ ಜರ್ಮನ್ ಕಾಗುಣಿತವೂ ಇರಲಿ. ಅವರ ಕೆಲವು ಸ್ವರಗಳು ನಮ್ಮ ಲಿಪಿಯಲ್ಲಿ ಇಲ್ಲವೇ ಇಲ್ಲ, ಅವನ್ನು ಕೇಳಿಯೇ ಕಲಿಯಬೇಕು. ಹಲಸಿನ ಸಹಾಯವಿಲ್ಲದೆ ‘ಹಲ್ಸ್’ ನಾಲಿಗೆಗೆ ಬಂದ ದಿನ ಆ ಚೀಟಿಯನ್ನು ಬೇರೆ ಡಬ್ಬಿಗೆ ಹಾಕಿ.

ನಾಳೆಗೆ ಎಂಟೇ ಪದ ಸಾಕು, ರೋಗಿಯ ಹಾಸಿಗೆಯ ಸುತ್ತ ಇರುವಂಥವು. ಹೊದಿಕೆಯಿಂದ ಆರಂಭಿಸಿ: ‘ಡೆಕ್ಕೆ’, ಸ್ತ್ರೀಲಿಂಗ. ಹೊದಿಕೆಗೆ ಎರಡು ಕೈ ಬರೆದು, ಚಳಿಯಲ್ಲಿ ನಡುಗುವವರನ್ನು ತೆಕ್ಕೆಗೆ ತೆಗೆದುಕೊಳ್ಳುವಂತೆ ಮಾಡಿ. ಕೆಂಪು ಪೆನ್ನಿನಲ್ಲಿ.